ಹಿಟ್ಟಿನ ಡಬ್ಬಿಯ ಕೆಳಗಿನ ತೀರ್ಪು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕಥೆ ಬರೆಯುವುದು ನನ್ನ ಕಸುಬಲ್ಲ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವವಳು. ಓದಿದ್ದು ಸಂಜೆ ತರಗತಿಯಲ್ಲಿ, ಅದೂ ಮೂವತ್ತು ದಾಟಿದ ಮೇಲೆ. ಇದು ನನ್ನ ಅಣ್ಣನ, ಅತ್ತಿಗೆಯ ವಿಷಯ. ಅವರಲ್ಲಿ ಒಬ್ಬರು ಈಗ ಮಾತಾಡಲಾರರು, ಇನ್ನೊಬ್ಬರು ಈ ವಿಷಯ ಎತ್ತುವುದಿಲ್ಲ. ಉಳಿದವಳು ನಾನು. ಎದುರು ಮಾತಾಡುವವರು ಇಲ್ಲದಿದ್ದಾಗ ನೀರನ್ನು ನಮ್ಮ ಪಾತಿಗೇ ತಿರುಗಿಸಿಕೊಳ್ಳುವುದು ಸುಲಭ. ಎಲ್ಲಾದರೂ ಹಾಗೆ ಮಾಡಿದ್ದೇನೆ ಅನ್ನಿಸಿದರೆ ಓದುವವರು ನನ್ನನ್ನು ನಂಬಬೇಕಾಗಿಲ್ಲ.

ನಾಲ್ಕನೇ ಮಹಡಿಯ ಮೂರು ಕೋಣೆಗಳಲ್ಲಿ ನಾವು ನಾಲ್ಕು ಜನ ಇದ್ದೆವು: ಅಮ್ಮ, ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಣ್ಣ, ಬೇರೆ ದೇಶದಿಂದ ಅವನನ್ನು ಮದುವೆಯಾಗಿ ಬಂದ ಅತ್ತಿಗೆ, ಮದುವೆಯಾಗದ ನಾನು. ಅತ್ತಿಗೆ ಕೆಳಗಿನ ಬೀದಿಯ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಯ ಅಳತೆ ಸರಿಮಾಡುತ್ತಿದ್ದಳು. ನಮ್ಮ ಭಾಷೆಯನ್ನು ಅವಳು ಕಲಿತದ್ದು ಅರ್ಧ ರೇಡಿಯೊ ವಾರ್ತೆಯಿಂದ, ಅರ್ಧ ಅಮ್ಮನ ಬೈಗುಳದಿಂದ. ಸಮಾಧಾನವಾಗಿದ್ದಾಗ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದಳು, ಸಿಟ್ಟು ಬಂದರೆ ಥೇಟ್ ಅಮ್ಮ.

ಅವಳು ಇಲ್ಲಿ ಇರುವುದಕ್ಕೆ ಆಧಾರವಾಗಿ ಒಂದು ಕಾರ್ಡು ಇತ್ತು. ಅದರಲ್ಲಿ ಅವಳ ಫೋಟೊ, ಕೆಳಗೆ 'ಪತಿಯ ಆಧಾರದ ಮೇಲೆ ವಾಸ' ಎಂಬ ಸಾಲು. ಮದುವೆಯಾಗಿ ಐದು ವರ್ಷ ತುಂಬಿದರೆ ಆ ಸಾಲು ಹೋಗಿ ಅವಳದೇ ಸ್ವಂತ ಕಾರ್ಡು ಬರುತ್ತಿತ್ತು. ಮೂರೂವರೆ ವರ್ಷ ಆಗಿತ್ತು. ಅಷ್ಟರಲ್ಲಿ ಅಣ್ಣ ಬಣ್ಣದಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವ ಒಬ್ಬ ಹೆಂಗಸನ್ನು ಕಂಡುಕೊಂಡಿದ್ದ. ಜಗಳ ಹೆಚ್ಚೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತೇನೋ. ಅವನು ಮುಂದಿನ ಕೋಣೆಯ ಸೋಫಾದ ಮೇಲೆ ಮಲಗತೊಡಗಿದ, ಇಬ್ಬರೂ ವಿಚ್ಛೇದನಕ್ಕೆ ಸಹಿ ಹಾಕಿದರು. ಒಂದು ಶನಿವಾರದ ಅಂಚೆಯಲ್ಲಿ ಕೋರ್ಟಿನ ತೀರ್ಪು ಬಂತು.

ಆದರೆ ತೀರ್ಪು ಬಂದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಅದನ್ನು ಆರು ತಿಂಗಳೊಳಗೆ ನೋಂದಣಿ ಕಚೇರಿಗೆ ಕೊಟ್ಟು ಪುಸ್ತಕದಲ್ಲಿ ಬರೆಸಬೇಕು. ಬರೆಸಿದ ದಿನವೇ ವಿಚ್ಛೇದನದ ದಿನ. ಆ ದಿನದಿಂದ ಮೂವತ್ತು ದಿನದೊಳಗೆ ಅತ್ತಿಗೆ ದೇಶ ಬಿಡಬೇಕು.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣ ಆ ಲಕೋಟೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟ.

"ರಿಜಿಸ್ಟ್ರಾರ್ ಸಾಹೇಬ್ರೇ, ಇದೊಂದು ನಿಮ್ಮ ಇಲಾಖೆಗೆ."

ಮನೆಯ ಕಾಗದಪತ್ರವೆಲ್ಲ ನನ್ನದೇ. ಅಪ್ಪ ತೀರಿಕೊಂಡಾಗ ಅಮ್ಮನ ಪಿಂಚಣಿ ಅರ್ಜಿಯಲ್ಲಿ ನಾನು ಒಂದು ತಾರೀಖು ತಪ್ಪು ಬರೆದು, ಅಮ್ಮನಿಗೆ ಹನ್ನೊಂದು ತಿಂಗಳು ಪಿಂಚಣಿ ನಿಂತುಹೋಗಿತ್ತು. ಅಂದಿನಿಂದ ನಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದೆ: ಮನೆಯಿಂದ ಹೊರಗೆ ಹೋಗುವ ಯಾವ ಕಾಗದವೂ ಮೂರು ದಿನ ಹಿಟ್ಟಿನ ಡಬ್ಬಿಯ ಕೆಳಗೆ ಇರಬೇಕು, ದಿನಕ್ಕೊಂದು ಸಲ ತೆಗೆದು ಓದಬೇಕು, ಆಮೇಲೆ ಹೋಗಬೇಕು. ಮನೆಯವರು ಇದನ್ನು ನೆನೆ ಹಾಕುವುದು ಅನ್ನುತ್ತಿದ್ದರು. ವಿದ್ಯುತ್ ಬಿಲ್ಲು ಕೂಡ ನಮ್ಮ ಮನೆಯಲ್ಲಿ ನೆನೆಯುತ್ತಿತ್ತು.

"ಇದನ್ನೂ ನೆನೆ ಹಾಕ್ತೀಯಾ?" ಅಣ್ಣ ಕೇಳಿದ.

"ಮೂರು ದಿನ ತಾನೆ."

"ಮೊಳಕೆ ಬರೋದ್ರೊಳಗೆ ಹಾಕಮ್ಮ ತಾಯಿ."

ಅಮ್ಮ ನಕ್ಕಳು. ಅತ್ತಿಗೆ ಆಲೂಗಡ್ಡೆ ಬಡಿಸುತ್ತಿದ್ದಳು. ನಾಲ್ಕು ತಟ್ಟೆಗೂ ಸಮವಾಗಿ ಬಡಿಸಿದಳು. ಅಣ್ಣನ ತಟ್ಟೆಗೆ ಎಂದಿನಂತೆ ಸುಟ್ಟ ಅಂಚಿನದ್ದನ್ನೇ ಆರಿಸಿ ಹಾಕಿದಳು, ಅವನಿಗೆ ಅದೇ ಇಷ್ಟ.

ಮೂರನೇ ದಿನದ ಓದಿನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲನೇ ಪುಟದಲ್ಲಿ ಕೋರ್ಟಿನ ಮುದ್ರೆ ಇತ್ತು, ಎರಡನೇ ಪುಟದಲ್ಲಿ ಇರಲಿಲ್ಲ. ಕೋರ್ಟಿಗೆ ಹೋಗಿ ಕೇಳೋಣವೆಂದರೆ ಅರ್ಧ ದಿನ ರಜೆ ಬೇಕು. ಲಾಂಡ್ರಿಯಲ್ಲಿ ಆ ವಾರ ಇಬ್ಬರು ಕಾಯಿಲೆ ಬಿದ್ದಿದ್ದರು. ಹಾಗೇ ಕೊಟ್ಟು, ಅವರು ತಿರಸ್ಕರಿಸಿ, ಏನೋ ಕೆಟ್ಟರೆ? ಪಿಂಚಣಿಯ ಹನ್ನೊಂದು ತಿಂಗಳು ನೆನಪಾಗಿ ಲಕೋಟೆಯನ್ನು ಮತ್ತೆ ಡಬ್ಬಿಯ ಕೆಳಗೇ ಇಟ್ಟೆ. ಇಷ್ಟು ನಿಜ. ಇದರ ಜೊತೆಗೆ ಬೇರೆ ನಿಜವೂ ಇತ್ತೇ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ.

ಮರುವಾರದ ಸೋಮವಾರ ಸಂಜೆ ಅಣ್ಣ ಕೈ ತೊಳೆದುಕೊಂಡು ಬಂದು ಕೂತವನೇ ಕೇಳಿದ.

"ಹಾಕಿದ್ಯಾ?"

ಅತ್ತಿಗೆ ಆಚೆ ಬದಿಯಲ್ಲಿ ಅವನ ಕೆಲಸದ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿ ನಿಂತಿತು. ಇನ್ನೂ ಇಲ್ಲ, ಎರಡನೇ ಪುಟದ ಮುದ್ರೆಗೆ ಕಾಯುತ್ತಿದ್ದೇನೆ ಎಂದು ಹೇಳಬೇಕಿತ್ತು. ಅಣ್ಣ ನಗುತ್ತಿದ್ದ. ಅಮ್ಮ 'ನಮ್ಮ ರಿಜಿಸ್ಟ್ರಾರಮ್ಮನಿಗೆ ಇನ್ನೂ ಹದ ಬಂದಿಲ್ಲವೇನೋ' ಎಂದು ಶುರು ಮಾಡುವುದರಲ್ಲಿದ್ದಳು. ನಾಚಿಕೆಯಾಯಿತು.

"ಹ್ಞೂ, ಹಾಕ್ದೆ," ಅಂದೆ.

"ಯಾವಾಗ?"

"ಇವತ್ತೇ."

ಮನೆಯಲ್ಲಿ ನಾನು ಸುಳ್ಳು ಹೇಳುವವಳೆಂದು ಯಾರೂ ಅಂದುಕೊಂಡಿರಲಿಲ್ಲ. ಅದಕ್ಕೇ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅಣ್ಣ ಒಂದು ಉಸಿರು ಬಿಟ್ಟು, ಬ್ರೆಡ್ಡಿನ ತಟ್ಟೆ ಎಳೆದುಕೊಂಡ. ಅತ್ತಿಗೆ ಗುಂಡಿಯ ದಾರವನ್ನು ಹಲ್ಲಿನಿಂದ ಕತ್ತರಿಸಿ, ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಬೆರಳಿನಿಂದ ಮೂವತ್ತು ಚೌಕ ಎಣಿಸಿದಳು.

ನಾಳೆ ಬೆಳಿಗ್ಗೆ ಹೋಗಿ ಹಾಕಿಬಿಟ್ಟರೆ ಒಂದು ದಿನದ ಸುಳ್ಳು, ಅಷ್ಟೆ ಅಂದುಕೊಂಡೆ. ಹಾಕಲಿಲ್ಲ. ಮುದ್ರೆಯ ಅನುಮಾನ ಹಾಗೇ ಇತ್ತು. ಹಾಕದೆ ಹೋದರೂ ನಿಜ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಒಂದು ದಿನದ ಸುಳ್ಳನ್ನು ಒಪ್ಪಿಕೊಳ್ಳಬಹುದು. ಐದು ದಿನದ್ದಕ್ಕೆ ಬೇರೆ ಕಾರಣ ಕೊಡಬೇಕಾಗುತ್ತದೆ.

ಅತ್ತಿಗೆ ದಿನಗಳನ್ನು ಸುಮ್ಮನೆ ಕಳೆಯಲಿಲ್ಲ. ಊರಿಗೆ ಫೋನು ಮಾಡಿದಳು. ಅಲ್ಲಿ ಅಪ್ಪ ಅಮ್ಮ ಇಲ್ಲ. ಇದ್ದ ಒಬ್ಬ ಅಣ್ಣ, ಅವಳು ಮದುವೆಯಾದಾಗಲೇ 'ಇನ್ನು ಈ ಬಾಗಿಲು ಬಡಿಯಬೇಡ' ಅಂದವನು. ಅವಳ ಭಾಷೆಯಲ್ಲಿ ಮಾತು ಒಂದೂವರೆ ನಿಮಿಷ ನಡೆಯಿತು.

"ಏನಂದ್ರು?" ಕೇಳಿದೆ.

"ಅಲ್ಲಿ ಜಾಗದ ಕೊರತೆ ಇದೆಯೆಂದು ತಿಳಿದುಬಂದಿದೆ," ಅಂದಳು, ವಾರ್ತೆಯ ಧ್ವನಿಯಲ್ಲಿ.

ಆ ವಾರ ಅವಳು ತನ್ನ ಹೊಲಿಗೆ ಯಂತ್ರ ಮಾರಿದಳು. ಅಂಗಡಿಯವನಿಗೆ ಬೇರೆ ಕೆಲಸದವರನ್ನು ನೋಡಿಕೊಳ್ಳಲು ಹೇಳಿದಳು. ಬರುವ ವರ್ಷ ಅವಳನ್ನು ಪಾಲಿಗೆ ಸೇರಿಸಿಕೊಳ್ಳುವ ಮಾತಾಡುತ್ತಿದ್ದ ಆ ಅಂಗಡಿಯವನು ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ನೀವೆಲ್ಲ ಓದಿದೋರು, ಏನೂ ಮಾಡೋಕಾಗಲ್ವಾ?" ಅಂದ. ಆಗಲ್ಲ ಅಂದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚುತ್ತಿದ್ದವಳು ಅತ್ತಿಗೆ. ನನಗೆ ಕೈ ನಡುಗುತ್ತದೆ. ಹೋಗುವ ಮೊದಲು ನನಗೆ ಕಲಿಸಬೇಕೆಂದು ಅವಳು ಒಂದು ಕಿತ್ತಳೆ ಹಣ್ಣು ತಂದಿಟ್ಟಳು. ಪ್ರತಿ ಸಂಜೆ ಅಡುಗೆಮನೆಯಲ್ಲಿ ನಾನು ಆ ಹಣ್ಣಿಗೆ ನೀರು ಚುಚ್ಚುತ್ತಿದ್ದೆ.

"ಇವಳ ಕೈಲಿ ನಾನು ಚುಚ್ಚಿಸ್ಕೊಳಲ್ಲಪ್ಪ," ಅಮ್ಮ ಅನ್ನುತ್ತಿದ್ದಳು. "ಸೂಜೀನ ಮೂರು ದಿನ ನೆನೆ ಹಾಕಿ ಆಮೇಲೆ ಚುಚ್ತಾಳೆ. ಅಷ್ಟೊತ್ತಿಗೆ ನಾನು ಮೇಲೆ ಹೋಗಿರ್ತೀನಿ."

"ಅತ್ತೆ, ಸುಮ್ಮನೆ ಕೂತ್ಕೋಬಾರ್ದಾ? ಕಲೀತಾಳೆ."

"ನೀನು ಹೋಗೋ ಅವಸರ ನಿಂಗೆ."

"ನಾನೆಲ್ಲಿ ಅವಸರ ಮಾಡಿದೆ? ನಿಮ್ಮ ಮಗ ಮಾಡಿದ್ದು."

"ನನ್ನ ಮಗನ ಸುದ್ದಿ ತೆಗೀಬೇಡ. ಮೂರೂವರೆ ವರ್ಷ ಆಯ್ತು, ಮನೇಲಿ ಒಂದು ತೊಟ್ಟಿಲು ತೂಗಲಿಲ್ಲ."

"ತೊಟ್ಟಿಲು ತೂಗೋಕೆ ಒಬ್ಬಳ ಕೈ ಸಾಲಲ್ಲ ಅತ್ತೆ."

ಅಮ್ಮ ತೋಳು ಚಾಚಿದಳು. ಅತ್ತಿಗೆ ಚುಚ್ಚಿದಳು. ಇಬ್ಬರ ಜಗಳವೂ ಯಾವಾಗಲೂ ಹೀಗೆ, ಸೂಜಿಯ ಹೊತ್ತಿಗೆ ನಿಲ್ಲುತ್ತಿತ್ತು. ನಾನು ಕಿತ್ತಳೆ ಹಿಡಿದುಕೊಂಡು ನಿಂತಿದ್ದೆ. ನನ್ನ ಹಿಂದೆ, ಒಂದು ಮೊಳ ದೂರದಲ್ಲಿ, ಡಬ್ಬಿಯ ಕೆಳಗೆ ಲಕೋಟೆ ಇತ್ತು. ಬ್ರೆಡ್ಡಿಗೆ ಹಿಟ್ಟು ನಾದುವ ದಿನ ಅತ್ತಿಗೆ ಆ ಡಬ್ಬಿ ಎತ್ತುವ ಮೊದಲೇ ನಾನು ಓಡಿಹೋಗಿ ಹಿಟ್ಟು ಅಳೆದು ಕೊಡುತ್ತಿದ್ದೆ. "ಇದೇನು, ನನ್ನ ಮೇಲೆ ಇಷ್ಟು ಪ್ರೀತಿ," ಅಂದಿದ್ದಳು ಒಂದು ಸಲ.

ಹದಿನೆಂಟನೇ ದಿನ, ಗುರುವಾರ, ಮಧ್ಯಾಹ್ನ ಎರಡರ ಸುಮಾರಿಗೆ, ಒಂದು ಕಚೇರಿ ಕಟ್ಟಡದಲ್ಲಿ ಲಿಫ್ಟಿನ ಹೊಂಡಕ್ಕೆ ಬಿದ್ದು ಅಣ್ಣ ತೀರಿಕೊಂಡ.

ಲಾಂಡ್ರಿಯಲ್ಲಿ ಯಂತ್ರಗಳಿರುವುದರಿಂದ ಫೋನುಗಳನ್ನು ಲಾಕರಿನಲ್ಲಿ ಇಡಬೇಕು. ಮೇಲ್ವಿಚಾರಕಿ ಬಂದು ನನ್ನ ಕೈಯಲ್ಲಿದ್ದ ಹಾಸಿಗೆ ಬಟ್ಟೆ ತೆಗೆದುಕೊಂಡು, ತಾನೇ ಅದನ್ನು ಪೂರ್ತಿ ಮಡಿಸಿಟ್ಟು, ಆಮೇಲೆ ಹೇಳಿದಳು. ನಾನು ಕೆಲಸ ಮಾಡುವ ಆಸ್ಪತ್ರೆಗೇ ಅವನನ್ನು ತಂದಿದ್ದರು. ಮೇಲೆ ಹೊದಿಸಿದ್ದು ನಮ್ಮ ವಿಭಾಗದ ಬಟ್ಟೆ.

ಅಂತ್ಯಕ್ರಿಯೆಯ ದಿನ ಜನ ಬಂದಾಗ ಅತ್ತಿಗೆ ಮುಂದಿನ ಕೋಣೆಗೆ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ಬಂದವರಿಗೆ ಟೀ ಮಾಡಿದಳು. ಯಾರೋ, "ಹೆಂಡ್ತಿ ಎಲ್ಲಿ?" ಅಂದರು.

"ಹೆಂಡ್ತಿ ಇಲ್ಲ," ಅಂದಳು ಅಮ್ಮ. "ಕಾಗದ ಆಗಿಹೋಗಿದೆ."

ಟೀ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡು, ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮಾರನೆಯ ದಿನದಿಂದ ಲಿಫ್ಟಿನ ಕಾಟ ಶುರುವಾಯಿತು. ಸಂಜೆ ಆರೂವರೆಯ ಆಸುಪಾಸು ಅದು ನಮ್ಮ ಮಹಡಿಗೆ ಬಂದು ನಿಲ್ಲುವುದು, ಬಾಗಿಲು ತೆರೆದುಕೊಳ್ಳುವುದು, ಒಳಗೆ ಯಾರೂ ಇಲ್ಲ. ಅಣ್ಣ ಮನೆಗೆ ಬರುತ್ತಿದ್ದ ಹೊತ್ತು. ಅಮ್ಮ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದಳು. "ಬಂದ," ಅನ್ನುತ್ತಿದ್ದಳು. ಅತ್ತಿಗೆ ಹೋಗಿ ಬಾಗಿಲು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡು ಬರುತ್ತಿದ್ದಳು. ನನಗೆ ಮಾತ್ರ ಊಟಕ್ಕೆ ಕೂತರೆ ಆ ಒಂದೇ ಪ್ರಶ್ನೆ ಕೇಳಿಸುತ್ತಿತ್ತು: ಹಾಕಿದ್ಯಾ? ತಟ್ಟೆ ಎತ್ತಿಕೊಂಡು ನಿಂತೇ ತಿನ್ನತೊಡಗಿದೆ.

ಒಂದು ವಾರದ ಮೇಲೆ ಅಣ್ಣನ ಜೊತೆಗಾರ ಮೆಕ್ಯಾನಿಕ್ ಅವನ ಸಾಮಾನಿನ ಚೀಲ ಕೊಡಲು ಬಂದ. ಅಮ್ಮ ಅವನಿಗೆ ಲಿಫ್ಟಿನ ವಿಷಯ ಹೇಳಿದಳು. ಅವನು ಚೀಲ ಕೆಳಗಿಟ್ಟ.

"ಅಮ್ಮ, ಅದು ನಿಮ್ಮ ಮಗ ಮಾಡಿಟ್ಟಿದ್ದು. ಖಾಲಿ ಇರೋ ಲಿಫ್ಟು ಸಾಮಾನ್ಯವಾಗಿ ಕೆಳಗಿನ ಮಹಡೀಲಿ ಹೋಗಿ ನಿಲ್ಲತ್ತೆ. ನಿಮ್ಮ ಮಂಡಿ ನೋವು ಅಂತ, ನೀವು ಕಾಯ್ಬಾರ್ದು ಅಂತ, ನಾಲ್ಕನೇ ಮಹಡಿಗೆ ಬಂದು ಬಾಗಿಲು ತೆರೆದು ನಿಲ್ಲೋ ಹಾಗೆ ಇಟ್ಟಿದಾನೆ. ಎರಡು ವರ್ಷದಿಂದ ಹಾಗೇ ಇದೆ. ಸಂಜೆ ಜನ ಬರೋ ಹೊತ್ತು, ಜಾಸ್ತಿ ಸಲ ಬರತ್ತೆ."

"ಎರಡು ವರ್ಷದಿಂದ ನಂಗೆ ಕೇಳಿಸ್ಲಿಲ್ವಲ್ಲ."

"ಆಗ ಮನೇಲಿ ಮಾತಿತ್ತಲ್ವಾ," ಅಂದ ಅವನು.

ಇದಾದ ಮೇಲೆ ಅಮ್ಮ 'ಬಂದ' ಅನ್ನುವುದನ್ನು ನಿಲ್ಲಿಸಿದಳು. ಆದರೆ ಬಾಗಿಲು ತೆರೆದಾಗಲೆಲ್ಲ ಅಳತೊಡಗಿದಳು. ಕಾರಣ ಗೊತ್ತಾಗಿದ್ದರಿಂದ ಏನೂ ಹಗುರವಾಗಲಿಲ್ಲ.

ಮೂವತ್ತನೇ ಚೌಕಕ್ಕೆ ಎರಡು ದಿನ ಉಳಿದಿತ್ತು. ಅತ್ತಿಗೆಯ ಪೆಟ್ಟಿಗೆ ಬಾಗಿಲ ಹತ್ತಿರ ಬಂದಿತ್ತು. ಅಡುಗೆಮನೆಯಲ್ಲಿ ಅವಳು ನನಗೆ ಒಲೆಯ ಯಾವ ನಾಬ್ ಸಡಿಲ, ಅಮ್ಮನ ಮಾತ್ರೆ ಯಾವ ಡಬ್ಬಿಯಲ್ಲಿ ಎಂದೆಲ್ಲ ಹೇಳಿಕೊಡುತ್ತಿದ್ದಳು. "ಹಿಟ್ಟು ಮುಗೀತಾ ಬಂದಿದೆ," ಅನ್ನುತ್ತಾ ಡಬ್ಬಿ ಎತ್ತಲು ಹೋದಳು. ನಾನು ಅವಳ ಕೈ ಹಿಡಿದುಕೊಂಡೆ. ಆಮೇಲೆ ನಾನೇ ಎತ್ತಿ, ಲಕೋಟೆ ತೆಗೆದು, ಊಟದ ಮೇಜಿನ ಮೇಲೆ ಅಮ್ಮನ ಮುಂದೆ ಇಟ್ಟೆ.

"ಇದೇನೇ?" ಅಮ್ಮ ಕೇಳಿದಳು. ಅವಳಿಗೆ ಕಣ್ಣು ಮಂಜು.

"ತೀರ್ಪು. ನಾನು ಹಾಕಿಲ್ಲ."

"ಯಾವುದು?"

"ಅಣ್ಣ ಕೊಟ್ಟಿದ್ದು. ಹಾಕ್ದೆ ಅಂತ ಸುಳ್ಳು ಹೇಳ್ದೆ. ಹಾಕಿಲ್ಲ. ವಿಚ್ಛೇದನ ಆಗಿಲ್ಲ."

ಅತ್ತಿಗೆ ಹೋಗಿ ಒಲೆ ಆರಿಸಿ ಬಂದಳು.

"ಹಾಗಾದ್ರೆ ನಾನು," ಅಂದಳು, "ಅವರು ಸತ್ತ ದಿನ ನಾನು ಯಾರು?"

"ಹೆಂಡ್ತಿ."

"ಆ ದಿನ ನಾನು ಟೀ ಮಾಡಿದೆ."

ನಾನು ಲಕೋಟೆಯ ಮೇಲಿನ ಹಿಟ್ಟು ಒರೆಸಿದೆ.

"ಯಂತ್ರ ಮಾರಿದೆ. ನಿನ್ನ ಮುಂದೇನೇ ಮಾರಿದೆ. ಕೆಳಗಿಳಿಸೋಕೆ ನೀನೂ ಒಂದು ಕಡೆ ಹಿಡ್ಕೊಂಡಿದ್ದೆ." ಸಿಟ್ಟಿನಲ್ಲಿ ಅವಳ ಧ್ವನಿ ಅಮ್ಮನದೇ ಆಗಿತ್ತು. "ಕಿತ್ತಳೆ ಹಣ್ಣಿಗೆ ಚುಚ್ಕೊಂಡು ನಿಂತಿದ್ಯಲ್ಲೇ ನನ್ನ ಪಕ್ಕ. ನಾಲಿಗೆ ಬಿದ್ದುಹೋಗಿತ್ತಾ?"

"ಎರಡನೇ ಪುಟದಲ್ಲಿ ಮುದ್ರೆ ಇರ್ಲಿಲ್ಲ," ಅಂದೆ. ಅದಕ್ಕಿಂತ ಪೆದ್ದು ಮಾತು ನಾನು ಜೀವನದಲ್ಲಿ ಆಡಿಲ್ಲ.

ಅಮ್ಮ ಲಕೋಟೆಯ ಮೇಲೆ ಅಂಗೈ ಇಟ್ಟಳು. "ನಾಳೆ ಬೆಳಿಗ್ಗೆ ಹೋಗಿ ಹಾಕು."

"ಈಗ ಹಾಕೋಕಾಗಲ್ಲಮ್ಮ. ಒಬ್ಬರು ತೀರಿಕೊಂಡ್ರೆ ತೀರ್ಪಿಗೆ ಬೆಲೆ ಇಲ್ಲ."

"ಅವನು ಕೇಳಿದ್ದು ಅದೊಂದೇ. ಬದುಕಿರೋವರೆಗೆ ನಿನ್ನನ್ನ ಅವನು ಬೇರೆ ಏನು ಕೇಳಿದ್ದ? ಬಿಡುಗಡೆ ಬೇಕು ಅಂದ. ನೀನು ಆಯ್ತು ಅಂದೆ. ಅದನ್ನೇ ನಂಬ್ಕೊಂಡು ಹೋದ. ನನ್ನ ಮಗನಿಗೆ ನೀನು ಹೀಗೆ ಮಾಡಿದ್ಯಲ್ಲ."

"ಅತ್ತೆ, ಅವಳನ್ನ ಬಿಡಿ," ಅಂದಳು ಅತ್ತಿಗೆ.

"ನಿಂಗೇನಮ್ಮ, ನಿಂಗೆ ಲಾಭವೇ ಆಯ್ತು."

ಅತ್ತಿಗೆ ಎದ್ದು ಹೋಗಿ ತನ್ನ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಳು. ಸಂಜೆಯ ಚುಚ್ಚುಮದ್ದಿನ ಹೊತ್ತಾಗಿತ್ತು. ಯಾರೂ ಅಲ್ಲಾಡಲಿಲ್ಲ. ಹತ್ತು ನಿಮಿಷದ ಮೇಲೆ ಅತ್ತಿಗೆಯೇ ಬಂದು, ಅಮ್ಮನ ತೋಳು ಒರೆಸಿ, ಚುಚ್ಚಿ ಹೋದಳು.

ವಿದೇಶಿಯರ ಕಚೇರಿಗೆ ನಾನೇ ಪತ್ರ ಬರೆದೆ. ಗಂಡ ತೀರಿಕೊಂಡಾಗ ಮದುವೆ ಜಾರಿಯಲ್ಲಿದ್ದು, ಇಬ್ಬರೂ ಗಂಡ ಹೆಂಡತಿಯಾಗಿ ಒಂದೇ ಮನೆಯಲ್ಲಿ ವಾಸವಾಗಿದ್ದರೆ, ಹೆಂಡತಿಗೆ ಸ್ವಂತ ಕಾರ್ಡು ಸಿಗುತ್ತದೆಂದು ನಿಯಮ. ಮೂವರೂ ಬಂದು ಹೇಳಿಕೆ ಕೊಡಬೇಕೆಂದು ಉತ್ತರ ಬಂತು. ಅಮ್ಮ ಬರುವುದಿಲ್ಲ ಎಂದಳು. ಬಂದರೂ ನಿಜ ಹೇಳುತ್ತೇನೆ, ಅವನು ಸೋಫಾದ ಮೇಲೆ ಮಲಗುತ್ತಿದ್ದ ಎಂದು ಹೇಳುತ್ತೇನೆ ಎಂದಳು. ಅರ್ಜಿ ಕೆಡಿಸಲು ಅಷ್ಟೇ ಸಾಕಿತ್ತು. ಅತ್ತಿಗೆ ಒಂದು ಮಾತೂ ಕೇಳಿಕೊಳ್ಳಲಿಲ್ಲ. ಪೆಟ್ಟಿಗೆ ಬಾಗಿಲ ಹತ್ತಿರವೇ ಇತ್ತು, ದಿನವೂ ಅದರಿಂದ ಬೇಕಾದ ಬಟ್ಟೆ ತೆಗೆದು ಉಟ್ಟು, ಒಗೆದು, ಮತ್ತೆ ಅದರೊಳಗೇ ಇಡುತ್ತಿದ್ದಳು.

ಆ ದಿನಗಳಲ್ಲೇ ಬಣ್ಣದಂಗಡಿಯ ಹೆಂಗಸು ಬಂದದ್ದು. ನಮಗಿಂತ ದೊಡ್ಡವಳು, ಕೈಬೆರಳ ಸಂದಿಯಲ್ಲಿ ಒಣಗಿದ ಬಿಳಿ ಬಣ್ಣ. ಬಾಗಿಲು ತೆರೆದವಳು ಅತ್ತಿಗೆ. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು. ಅತ್ತಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಒಂದು ಲೋಟ ನೀರು ತಂದುಕೊಟ್ಟಳು.

"ನಾನು ಏನೂ ಕೇಳೋಕೆ ಬಂದಿಲ್ಲ," ಅಂದಳು ಆಕೆ, ಅಮ್ಮನಿಗೆ. "ಒಂದೇ ಒಂದು ಮಾತು ತಿಳ್ಕೊಂಡು ಹೋಗ್ತೀನಿ. ಅವರು ಹೋಗುವಾಗ ಬಿಡುಗಡೆ ಆಗಿದ್ರಾ? ಆಗಿದೆ ಅಂತ ನಂಗೆ ಹೇಳಿದ್ರು. ಮುಂದಿನ ತಿಂಗಳು ನಾವು ಮದುವೆಗೆ ಸಹಿ ಹಾಕೋದಿತ್ತು."

ಅಮ್ಮ ನನ್ನ ಕಡೆ ನೋಡಲಿಲ್ಲ. ಈ ಹೆಂಗಸನ್ನು ಅವಳು ಮೊದಲ ಸಲ ನೋಡುತ್ತಿದ್ದುದು. ತನ್ನ ಮಗ ಇನ್ನೊಂದು ಮನೆಗೆ ಹೊರಟು ನಿಂತಿದ್ದ ಎಂಬುದು ಅಲ್ಲಿಯವರೆಗೆ ಬರೀ ಮಾತಾಗಿತ್ತು. ಈಗ ಅದಕ್ಕೆ ಕೈ ಬಂತು, ಬೆರಳು ಬಂತು.

"ನನ್ನ ಮಗ ಈ ಮನೆಯಿಂದ್ಲೇ ಹೋದ," ಅಂದಳು ಅಮ್ಮ. "ಮದುವೆಯಾದವನಾಗೇ ಹೋದ. ಅಲ್ಲಿ ನೀರು ಕೊಟ್ಟಳಲ್ಲ, ಅವಳು ಅವನ ಹೆಂಡ್ತಿ."

ಆಕೆ ಲೋಟ ಕೆಳಗಿಟ್ಟಳು. ಕೂತಲ್ಲೇ ಕೂತಿದ್ದು, ನಿಧಾನವಾಗಿ ಹೇಳಿದಳು: "ಅಂದ್ರೆ ಅವತ್ತು ಆಫೀಸಲ್ಲಿ ಅದೇ ಗೊತ್ತಾಯ್ತೋ ಏನೋ."

"ಯಾವತ್ತು? ಯಾವ ಆಫೀಸು?" ಕೇಳಿದವಳು ನಾನು.

"ಬಿದ್ದ ದಿನ. ಬೆಳಿಗ್ಗೆ ನೋಂದಣಿ ಕಚೇರಿಗೆ ಹೋಗಿ ವಿಚ್ಛೇದನದ ನಕಲು ತರ್ತೀನಿ, ನಮ್ಮ ಅರ್ಜಿಗೆ ಬೇಕು ಅಂದಿದ್ರು. ಆಮೇಲೆ ಫೋನು ಬರ್ಲಿಲ್ಲ."

ಆಸ್ಪತ್ರೆಯವರು ಕೊಟ್ಟ ಅವನ ಬಟ್ಟೆಯ ಕಟ್ಟನ್ನು ನಾವು ಬಿಚ್ಚಿಯೇ ಇರಲಿಲ್ಲ. ಆಕೆ ಹೋದ ಮೇಲೆ ಬಿಚ್ಚಿದೆ. ಅತ್ತಿಗೆ ಗುಂಡಿ ಹೊಲಿದಿದ್ದ ಅಂಗಿಯ ಜೇಬಿನಲ್ಲಿ ಸರದಿಯ ಚೀಟಿ ಇತ್ತು: ನೋಂದಣಿ ಕಚೇರಿ, ಸಂಖ್ಯೆ ಎಂಬತ್ತಾರು, ಸಮಯ ಹನ್ನೊಂದು ಹದಿನಾಲ್ಕು. ಆ ದಿನ ಲಾಕರಿನಲ್ಲಿದ್ದ ನನ್ನ ಫೋನಿಗೆ ಅವನಿಂದ ಎರಡು ಕರೆ ಬಂದಿದ್ದವು, ಹನ್ನೆರಡು ನಲವತ್ತಕ್ಕೊಂದು, ಮೂರು ನಿಮಿಷ ಬಿಟ್ಟು ಇನ್ನೊಂದು. ಇದು ನನಗೆ ಮೊದಲೇ ಗೊತ್ತಿತ್ತು. ಯಾವಾಗಲೂ ಮಾಡುವ ಹಾಗೆ ಏನೋ ಕೇಳಲು ಮಾಡಿರಬೇಕು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಚೀಟಿಯನ್ನೂ ಫೋನನ್ನೂ ತಂದು ಇಬ್ಬರ ಮುಂದೆ ಇಟ್ಟೆ. ಇನ್ನು ಬಚ್ಚಿಡುವ ಶಕ್ತಿ ನನಗಿರಲಿಲ್ಲ.

ಅಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಓದಲಾಗದೆ, ಅತ್ತಿಗೆಯ ಕೈಗೆ ಕೊಟ್ಟಳು. ಅತ್ತಿಗೆ ಓದಿ ಹೇಳಿದಳು. ಆ ದಿನ ಮನೆಯಲ್ಲಿ ಯಾರೂ ಯಾರಿಗೂ ಬೈಯಲಿಲ್ಲ. ನನಗೆ ಅದು ಬೈಗುಳಕ್ಕಿಂತ ಹೆಚ್ಚಾಯಿತು.

ವಿದೇಶಿಯರ ಕಚೇರಿಗೆ ಅಮ್ಮ ಬಂದಳು. ಯಾಕೆ ಬಂದಳೆಂದು ನಾವು ಕೇಳಲಿಲ್ಲ. ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವಳು, ಮೇಜಿನ ಮೇಲೆ ಅರ್ಧ ತಿಂದ ಸೇಬು. ಮೊದಲು ನನ್ನನ್ನು ಕೇಳಿದಳು.

"ತೀರ್ಪು ಬಂದ ಮೇಲೆ ನಾಲ್ಕು ವಾರ ನೋಂದಣಿ ಯಾಕೆ ಮಾಡಿಸ್ಲಿಲ್ಲ?"

"ಎರಡನೇ ಪುಟದಲ್ಲಿ ಮುದ್ರೆ ಇರ್ಲಿಲ್ಲ."

ಅವಳು ತೀರ್ಪನ್ನು ತಿರುಗಿಸಿ ನೋಡಿದಳು. "ಇದು ಒಂದೇ ಹಾಳೆ. ಹಿಂದುಗಡೆಗೆ ಮುದ್ರೆ ಬೇಕಾಗಿಲ್ಲ." ಅದನ್ನು ನನ್ನ ಕಡೆ ಸರಿಸುತ್ತಾ, "ಕೌಂಟರಲ್ಲಿ ಕೇಳಿದ್ರೆ ಹೇಳ್ತಿದ್ರು," ಅಂದಳು. ದಯೆಯಿಂದಲೇ ಅಂದಳು.

ಆಮೇಲೆ ಅಮ್ಮನ ಕಡೆ ತಿರುಗಿದಳು. "ತೀರಿಕೊಂಡಾಗ ನಿಮ್ಮ ಮಗ, ಸೊಸೆ ಒಟ್ಟಿಗೆ ಇದ್ರಾ?"

ಅತ್ತಿಗೆ ತನ್ನ ಮಡಿಲಲ್ಲಿದ್ದ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಒಂದೇ ಮನೆ," ಅಂದಳು ಅಮ್ಮ. "ಒಂದೇ ಒಲೆ. ಅವತ್ತು ಬೆಳಿಗ್ಗೆ ಅವನ ಊಟದ ಡಬ್ಬಿ ತುಂಬಿಸಿ ಕೊಟ್ಟಿದ್ದು ಇವಳೇ. ಅವನ ಅಂಗಿ ಗುಂಡಿ ಇವಳೇ ಹೊಲಿದಿದ್ದು. ಇನ್ನೇನು ಬೇಕು ನಿಮಗೆ?"

"ಒಂದೇ ಕೋಣೆಯಲ್ಲಿ?"

ಅಮ್ಮ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಅಧಿಕಾರಿ ಲೇಖನಿ ಕೆಳಗಿಟ್ಟಳು.

"ಮಗ ಸೊಸೆ ಎಲ್ಲಿ ಮಲಗ್ತಾರೆ ಅಂತ ನೋಡೋಕೆ ಯಾವ ಅತ್ತೆ ಹೋಗ್ತಾಳಮ್ಮ? ನಂಗೆ ಕಣ್ಣೂ ಕಾಣಲ್ಲ."

ಅಧಿಕಾರಿ ನಕ್ಕು ಬರೆದುಕೊಂಡಳು.

ಹೊರಗೆ ಬಸ್ಸಿಗೆ ಕಾಯುವಾಗ ಅತ್ತಿಗೆ, "ಅತ್ತೆ," ಎಂದು ಏನೋ ಹೇಳಲು ಹೋದಳು.

"ನಿನಗೋಸ್ಕರ ಅಲ್ಲ," ಅಂದಳು ಅಮ್ಮ. "ಅವನು ಇನ್ನೊಬ್ಬಳ ಲೆಕ್ಕಕ್ಕೆ ಹೋಗೋದು ನಂಗೆ ಬೇಡ. ನಮ್ಮನೇಲಿ ಇರಲಿ. ಅದಕ್ಕೆ ನೀನೂ ಇರಬೇಕಾಗತ್ತೆ, ಏನು ಮಾಡೋದು."

ಎರಡು ತಿಂಗಳಿಗೆ ಕಾರ್ಡು ಬಂತು. 'ಪತಿಯ ಆಧಾರದ ಮೇಲೆ' ಎಂಬ ಸಾಲು ಇರಲಿಲ್ಲ, ಅಲ್ಲಿ ಬರೀ ಖಾಲಿ ಜಾಗ. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ ಚೀಲದೊಳಗೆ ಇಟ್ಟುಕೊಂಡಳು. ಅಂಗಡಿಯವನು ಅವಳನ್ನು ಮತ್ತೆ ಕೆಲಸಕ್ಕೆ ಕರೆದ. ಪಾಲಿನ ಮಾತು ಎತ್ತಲಿಲ್ಲ. ಅವಳು ಈಗಲೂ ನಮ್ಮ ಜೊತೆಯಲ್ಲೇ ಇದ್ದಾಳೆ, ಬೇರೆ ಕೋಣೆ ಹುಡುಕುತ್ತಿದ್ದಾಳೆ. ನನ್ನ ಜೊತೆ ಮಾತಾಡುತ್ತಾಳೆ: ಹಾಲು, ಸೋಪು, ಅಮ್ಮನ ಡಾಕ್ಟರು. ಒಂದು ದಿನ ಬಟ್ಟೆ ಒಣಹಾಕುವಾಗ ಮಾತ್ರ, ನನ್ನ ಮುಖ ನೋಡದೆ ಕೇಳಿದಳು.

"ನನ್ನನ್ನ ಉಳಿಸ್ಕೊಳ್ಳೋಕೆ ಹಾಗೆ ಮಾಡಿದ್ಯಾ? ಅಥವಾ ಬರೀ ಹೆದರಿಕೆಗೆ?"

ನಾನು ಯೋಚಿಸಿದೆ, ಯೋಚಿಸುತ್ತಲೇ ಇದ್ದೆ. ಅವಳು ಕೊನೆಯ ದಿಂಬಿನ ಚೀಲಕ್ಕೂ ಕ್ಲಿಪ್ಪು ಹಾಕಿ ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಉತ್ತರ ಕೊಟ್ಟಿಲ್ಲ. ಕೊಡುವಂಥದ್ದು ಸಿಕ್ಕಿಲ್ಲ.

ಕಳೆದ ತಿಂಗಳು ಒಂದು ದಿನ ರಜೆ ಹಾಕಿ ನೋಂದಣಿ ಕಚೇರಿಗೆ ಹೋದೆ. ಬೆಳಿಗ್ಗೆ ಹನ್ನೊಂದೂಕಾಲಿಗೆ ಚೀಟಿ ತೆಗೆದುಕೊಂಡು ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂದದ್ದು ಹನ್ನೆರಡೂ ಐವತ್ತಕ್ಕೆ. ಆದರೆ ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ ಎಂದು ಪಕ್ಕದಲ್ಲಿ ಕೂತಿದ್ದ ಮುದುಕರು ಹೇಳಿದರು. ಒಮ್ಮೊಮ್ಮೆ ಅರ್ಧ ಗಂಟೆಗೂ ಆಗುತ್ತದಂತೆ. ಅಣ್ಣನ ಚೀಟಿ ಅವನ ಜೇಬಿನಲ್ಲೇ ಉಳಿದಿತ್ತಲ್ಲ, ಕೌಂಟರಿನವನು ಚೀಟಿ ವಾಪಸ್ಸು ತೆಗೆದುಕೊಳ್ಳುತ್ತಾನೆಯೇ ಎಂದು ನೋಡಿದೆ. ಹನ್ನೊಂದು ಜನರಲ್ಲಿ ಆರು ಜನರದ್ದು ತೆಗೆದುಕೊಂಡ, ಐದು ಜನರದ್ದು ಅವರ ಕೈಯಲ್ಲೇ ಬಿಟ್ಟ. ನನ್ನ ಸರದಿ ಬಂದಾಗ ಏನು ಬೇಕು ಅಂದ. ಆ ಗುರುವಾರ ಎಂಬತ್ತಾರನೇ ಸಂಖ್ಯೆಯವರು ಕೌಂಟರಿಗೆ ಬಂದಿದ್ದರೇ, ಅವರಿಗೆ ಏನು ಹೇಳಿದಿರಿ ಎಂದು ಕೇಳಲು ಹೋಗಿದ್ದೆ. ಕೇಳಿದೆ. ಸಂಖ್ಯೆಗಳನ್ನು ಒಂದು ವಾರಕ್ಕಿಂತ ಹೆಚ್ಚು ಇಡುವುದಿಲ್ಲ ಅಂದ.

ಅಣ್ಣ ಕಾದು ಕಾದು ಸಾಕಾಗಿ ಸರದಿ ಬಿಟ್ಟು ಕೆಲಸಕ್ಕೆ ಹೋಗಿರಬಹುದು. ಕೌಂಟರಿನವರೆಗೆ ಹೋಗಿ, ಅಂಥ ತೀರ್ಪು ನಮಗೆ ಬಂದೇ ಇಲ್ಲ ಎಂದು ಕೇಳಿಸಿಕೊಂಡಿರಬಹುದು. ಎರಡು ಕರೆಯಲ್ಲಿ ಅವನು ಏನು ಹೇಳಬೇಕೆಂದಿದ್ದ? ಬೈಯುವುದಕ್ಕಾದರೆ ಅವನು ಎರಡನೇ ಸಲ ಮಾಡುವವನಲ್ಲ, ಸಂಜೆ ಏನು ತರಲಿ ಎಂದು ಕೇಳುವುದಕ್ಕೇ ಇರಬೇಕು ಎಂದು ಚೀಟಿ ಸಿಕ್ಕ ದಿನ ಅತ್ತಿಗೆ ಅಂದಿದ್ದಳು. ಬೀಳುವ ಮೊದಲು ಏಣಿಯ ಮೇಲೆ ಅವನು ಎಂದಿನ ಹಾಗೇ ಇದ್ದ ಎಂದ ಜೊತೆಗಾರ, ಇನ್ನೊಂದು ಸಲ ಕೇಳಿದಾಗ, ತಾನು ಸರಿಯಾಗಿ ನೋಡಲಿಲ್ಲ ಅಂದ.

ಅವನಿಗೆ ಗೊತ್ತಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.